ತಗಡಿನ ಶೀಟು, ಚಂಡೆ, ಕರೆಂಟು: ಕೊಪ್ಪದ ಒಂದು ತಾಳಮದ್ದಳೆಯ ರೆಕಾರ್ಡಿಂಗ್

ಕೊಪ್ಪ ತಾಲ್ಲೂಕಿನ ಒಂದು ಹವ್ಯಾಸಿ ಯಕ್ಷಗಾನ ಸಂಘ ಪ್ರತಿ ಮಳೆಗಾಲದಲ್ಲಿ ತಾಳಮದ್ದಳೆ ನಡೆಸುತ್ತದೆ. ಮೇಳಗಳ ತಿರುಗಾಟ ನಿಂತಿರುವ ಕಾಲ ಅದು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆ ಚಂಡೆ ನುಡಿಯುತ್ತವೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ಆ ಮಾತಿಗೇ ಇಲ್ಲಿ ಅರ್ಥ ಅನ್ನುವುದು. ಸಂಘದ ಹಿರಿಯ ಅರ್ಥಧಾರಿಯೊಬ್ಬರಿಗೆ ಈಗ ವಯಸ್ಸಾಗಿದೆ. ಮಾತಿನ ವರಸೆ ಮಾತ್ರ ಹಾಗೇ ಇದೆ. ಅವರ ಕೃಷ್ಣನ ಅರ್ಥ ಯಾರ್ಯಾರದೋ ಫೋನಿನಲ್ಲಿ ಚೂರುಚೂರಾಗಿ ಇರುವುದು ಬಿಟ್ಟರೆ ಎಲ್ಲೂ ಪೂರ್ತಿ ಉಳಿದಿಲ್ಲ. ಈ ಸಲ ಸಂಧಾನದ ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ಚೆನ್ನಾಗಿ ರೆಕಾರ್ಡ್ ಮಾಡಿಕೊಡಬೇಕು ಅಂತ ಸಂಘದವರು ಕೇಳಿದರು. ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು.

ರೆಕಾರ್ಡಿಂಗ್ ಸಾಫ್ಟ್‌ವೇರ್ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ ಅನ್ನುವುದು ಈ ಒಂದು ಕೆಲಸದಲ್ಲಿ ಕಂಡಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ. ಜಾಹೀರಾತಿನಲ್ಲಿ ಮುಂದೆ ನಿಲ್ಲುವುದು ಗದ್ದಲ ತೆಗೆಯುವ, ಶ್ರುತಿ ತಿದ್ದುವ, ದನಿಗಳನ್ನು ಬೇರೆ ಬೇರೆ ಮಾಡುವ ಸವಲತ್ತುಗಳು. ಇಲ್ಲಿ ಅವು ಹೆಚ್ಚು ಕೆಲಸಕ್ಕೆ ಬರಲಿಲ್ಲ. ಕತ್ತರಿಸುವುದು, ಜೋಡಿಸುವುದು, ಸಾಲು ಮಾಡುವುದು, ಬೇಡ ಅನ್ನಿಸಿದರೆ ಹಿಂದಕ್ಕೆ ಹೋಗುವುದು ಇವೇ ಕಾಪಾಡಿದವು. ಯಾರೂ ಹೊಗಳದ ಗುಣಗಳು.

ಯಾವ ಸಾಫ್ಟ್‌ವೇರ್?

ಲ್ಯಾಪ್‌ಟಾಪ್ ವಿಂಡೋಸ್‌ನದ್ದು. ಹಾಗಾಗಿ ಲಾಜಿಕ್ ಪ್ರೊ, ಗ್ಯಾರೇಜ್‌ಬ್ಯಾಂಡ್ ಎರಡೂ ಬಿಟ್ಟುಹೋದವು. ಅವು ಆ್ಯಪಲ್ ಯಂತ್ರಗಳಿಗೆ ಮಾತ್ರ. ಪ್ರೊ ಟೂಲ್ಸ್ 1991ರಿಂದ ಇದೆ, ದೊಡ್ಡ ಸ್ಟುಡಿಯೋಗಳಿಗೆ ಅದೇ ರೂಢಿ. ಆದರೆ ಕೆಲಸವನ್ನು ಮುಂದೆ ಸಂಘದ ಹುಡುಗರೇ ಮುಂದುವರಿಸಬೇಕು ಅಂತ ಇದ್ದದ್ದರಿಂದ ವರ್ಷಾವರ್ಷ ಚಂದಾ ಕಟ್ಟುವ ಯಾವುದೂ ಬೇಡ ಅಂದುಕೊಂಡೆವು.

ಸಂಘದಲ್ಲಿ ಒಬ್ಬ ಹುಡುಗ ಎಫ್‌ಎಲ್ ಸ್ಟುಡಿಯೋದಲ್ಲಿ ಪಳಗಿದ್ದಾನೆ. 'ಅಣ್ಣಾ, ಅದರಲ್ಲೇ ಮಾಡೋಣ' ಅಂದ. 1997ರಲ್ಲಿ ಫ್ರೂಟಿಲೂಪ್ಸ್ ಅನ್ನುವ ಹೆಸರಲ್ಲಿ ಶುರುವಾದದ್ದು ಅದು. ಒಮ್ಮೆ ಕೊಂಡರೆ ಮುಂದಿನ ಎಲ್ಲಾ ಆವೃತ್ತಿ ಪುಕ್ಕಟೆ, ಇದು ನಿಜಕ್ಕೂ ದೊಡ್ಡ ಮಾತು. ಬೀಟ್ ಕಟ್ಟುವುದಕ್ಕೆ ಅದು ಬಲು ಸಲೀಸು. ಆದರೆ ಅದು ಹುಟ್ಟಿದ್ದೇ ಸಣ್ಣ ಸಣ್ಣ ಪ್ಯಾಟರ್ನ್ ಮಾಡಿ ಪೇರಿಸುವುದಕ್ಕೆ. ಮೂರು ಗಂಟೆಯ ಆರು ಟ್ರ್ಯಾಕ್ (ಒಂದೊಂದು ಮೈಕಿನ ದನಿಸಾಲು) ಹರಡಿಕೊಂಡು ಮಾತು ಮಾತಿಗೂ ಕತ್ತರಿ ಹಾಕುವುದು ಅದರ ಹುಟ್ಟುಗುಣ ಅಲ್ಲ.

ಅಡಾಸಿಟಿ 2000ದಿಂದ ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತಿದೆ. ಏನೂ ಗೊತ್ತಿಲ್ಲದವರೂ ಒಂದು ಸಂಜೆಯಲ್ಲಿ ಕಲಿಯಬಹುದು. ಶಾಲೆಯ ಕಾರ್ಯಕ್ರಮ, ಭಜನೆ, ಒಬ್ಬರ ಮಾತು ಇಂಥದ್ದಕ್ಕೆ ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ. ಕೊರತೆಯೂ ಇದೆ. 2022ರ 3.2 ಆವೃತ್ತಿಯವರೆಗೆ ಅದರಲ್ಲಿ ಹಾಕಿದ ಎಫೆಕ್ಟ್ ನೇರವಾಗಿ ದನಿಯ ಮೇಲೇ ಅಚ್ಚಾಗುತ್ತಿತ್ತು. ಕೇಳುತ್ತಾ ಕೇಳುತ್ತಾ ಬದಲಿಸುವ ಸೌಲಭ್ಯ ಬಂದದ್ದು ಆಮೇಲೆ. ಇನ್ನೊಂದು, ವಿಂಡೋಸ್‌ನಲ್ಲಿ ಇಂಟರ್‌ಫೇಸ್ (ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ) ಜೊತೆ ಚುರುಕಾಗಿ ಮಾತಾಡುವ ಏಸಿಯೋ ಡ್ರೈವರ್‌ಗೆ ಬೆಂಬಲ, ಪರವಾನಗಿಯ ತೊಡಕಿನಿಂದ, ವರ್ಷಗಟ್ಟಲೆ ಅದರ ಜೊತೆ ಬರಲಿಲ್ಲ. ಎರಡು ಚಾನೆಲ್‌ಗಿಂತ ಜಾಸ್ತಿ ಒಟ್ಟಿಗೆ ತೆಗೆದುಕೊಳ್ಳಬೇಕು ಅಂದಾಗ ಇದು ಕಾಡುತ್ತದೆ. ನಮಗೆ ಬೇಕಿದ್ದದ್ದು ಆರು.

ಕೊನೆಗೆ ಆರಿಸಿದ್ದು ರೀಪರ್. ವಿನ್ಆ್ಯಂಪ್ ಅನ್ನುವ ಹಾಡು ನುಡಿಸುವ ಸಾಫ್ಟ್‌ವೇರ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರ ಕಂಪನಿಯದ್ದು. ಸ್ವಂತ ಬಳಕೆಗೆ, ಸಣ್ಣ ಆದಾಯದವರಿಗೆ 60 ಡಾಲರ್. ಪೂರ್ಣ ವಾಣಿಜ್ಯ ಪರವಾನಗಿ 225 ಡಾಲರ್. 60 ದಿನ ಯಾವ ಸವಲತ್ತನ್ನೂ ಕಡಿತ ಮಾಡದೆ ಬಳಸಿ ನೋಡಬಹುದು. ಹಳೇ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುತ್ತದೆ. ಕೊರತೆ ಅಂದರೆ, ಹೊಸಬರಿಗೆ ಅದರ ಮೆನು ಒಂದು ಕಾಡು. ಪಿಯಾನೋ, ತಂತಿವಾದ್ಯ ಅಂತ ತಯಾರಿ ದನಿಗಳ ಭಂಡಾರವೂ ಅದರ ಜೊತೆ ಬರುವುದಿಲ್ಲ. ತಾಳಮದ್ದಳೆಗೆ ಅದು ಬೇಕಾಗಿಯೂ ಇರಲಿಲ್ಲ ಬಿಡಿ.

ಇಲ್ಲಿ ಒಂದು ಮಾತು. ಇಂಥ ಸಾಫ್ಟ್‌ವೇರ್ ತೆರೆದ ಕೂಡಲೇ ಸಾಮಾನ್ಯವಾಗಿ ಕಾಣುವುದು ನಿಮಿಷಕ್ಕೆ 120 ಪೆಟ್ಟು, ನಾಲ್ಕು ನಾಲ್ಕರ ಲೆಕ್ಕ, ಅದಕ್ಕೆ ತಕ್ಕ ಗೆರೆಗಳು. ಕತ್ತರಿಸಿದ ತುಂಡು ತಾನಾಗಿ ಹತ್ತಿರದ ಗೆರೆಗೆ ಹೋಗಿ ಅಂಟಿಕೊಳ್ಳುತ್ತದೆ. ಯಕ್ಷಗಾನದಲ್ಲಿ ಝಂಪೆಗೆ ಹತ್ತಕ್ಷರ, ತ್ರಿವುಡೆಗೆ ಏಳು. ಭಾಗವತರು ಭಾವಕ್ಕೆ ತಕ್ಕ ಹಾಗೆ ಲಯ ಏರಿಸುತ್ತಾರೆ, ಇಳಿಸುತ್ತಾರೆ. ಆ ಗೆರೆಗಳಿಗೂ ಈ ಪದ್ಯಕ್ಕೂ ಸಂಬಂಧವೇ ಇಲ್ಲ. ಅಂಟುವುದನ್ನು ಆರಿಸಿ, ಮೇಲಿನ ಅಳತೆಪಟ್ಟಿಯನ್ನು ನಿಮಿಷ-ಸೆಕೆಂಡಿಗೆ ಬದಲಿಸಿದ ಮೇಲೆಯೇ ನಾವು ಕೆಲಸ ಶುರು ಮಾಡಿದ್ದು. ತಾಳಮದ್ದಳೆ, ಗಮಕ, ಸೋಬಾನೆ ಯಾವುದನ್ನೇ ರೆಕಾರ್ಡ್ ಮಾಡುವವರು ಮೊದಲು ಇದನ್ನು ಮಾಡಿಕೊಳ್ಳಬೇಕು.

ಆ ರಾತ್ರಿ

ದೇವಸ್ಥಾನದ ಪಕ್ಕದ ಹಾಲ್. ಮೇಲೆ ತಗಡಿನ ಶೀಟು. ಹಿಮ್ಮೇಳ ನಡುವೆ, ಅರ್ಥಧಾರಿಗಳು ಎರಡು ಬದಿಗೆ ಎದುರುಬದುರು. ಭಾಗವತರಿಗೆ ಒಂದು ಮೈಕ್, ಮದ್ದಳೆಗೆ ಒಂದು, ಚಂಡೆಗೆ ಒಂದು, ಅರ್ಥಧಾರಿಗಳ ಮುಂದೆ ಮೂರು. ಎಂಟು ಮೈಕ್ ಹಾಕಬಹುದಾದ ಬಾಡಿಗೆ ಇಂಟರ್‌ಫೇಸ್. ಅದರ ಹೊರತಾಗಿ, ಬ್ಯಾಟರಿಯಲ್ಲಿ ಓಡುವ ಸಣ್ಣ ಸ್ಟೀರಿಯೋ ರೆಕಾರ್ಡರ್ ಒಂದನ್ನು ಸಭೆಯ ಮುಂದೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದೆವು.

ದನಿಯನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆಯುವ 48 ಕಿಲೋಹರ್ಟ್ಸ್, ಪ್ರತಿ ಅಳತೆಗೆ 24 ಬಿಟ್. ಒಂದು ಮೈಕಿಗೆ ನಿಮಿಷಕ್ಕೆ 8.64 ಎಂಬಿ ಆಗುತ್ತದೆ. ಆರು ಮೈಕ್, ಮೂರು ಗಂಟೆ ಅಂದರೆ ಸುಮಾರು 9.3 ಜಿಬಿ. ಪ್ರತಿ ಮೈಕೂ ಬೇರೆ ಬೇರೆ ಫೈಲ್ ಆಗಿ ಹೋಗುವ ಹಾಗೆ ಇಟ್ಟೆವು. ಸಾಮಾನ್ಯ ವೇವ್ (ಕುಗ್ಗಿಸದ ದನಿಯ) ಫೈಲು 4 ಜಿಬಿ ದಾಟುವ ಹಾಗಿಲ್ಲ. ಆರನ್ನೂ ಒಂದೇ ಫೈಲಿಗೆ ತುಂಬಿದರೆ ಒಂದೂವರೆ ಗಂಟೆಯೊಳಗೆ ಆ ಮಿತಿ ಮುಟ್ಟುತ್ತದೆ. ಬಫರ್ ಅನ್ನು, ಅಂದರೆ ಲ್ಯಾಪ್‌ಟಾಪ್ ಒಮ್ಮೆಗೆ ಎಷ್ಟು ಅಳತೆ ಕೂಡಿಟ್ಟುಕೊಂಡು ಕೆಲಸ ಮಾಡಬೇಕು ಅನ್ನುವುದನ್ನು, 1024ಕ್ಕೆ ಏರಿಸಿದೆವು. ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿ ಹಾಡುವವರಿಗೆ ಆ 21 ಮಿಲಿಸೆಕೆಂಡ್ ತಡ ಕಿರಿಕಿರಿ, ಅವರಿಗೆ 128ರ ಸುತ್ತ ಇಡಬೇಕು. ಇಲ್ಲಿ ಯಾರೂ ಹೆಡ್‌ಫೋನ್ ಹಾಕಿಲ್ಲ. ತಡವಾದರೆ ಆಗಲಿ, ರೆಕಾರ್ಡಿಂಗ್ ನಡುವೆ ಒಂದು ಚಿಟ್ ಸದ್ದೂ ಬರಬಾರದು.

ಪ್ರಸಂಗ ಅರ್ಧ ದಾಟಿದಾಗ ಮಳೆ ಜೋರಾಯಿತು. ಕರೆಂಟು ಹೋಯಿತು. ಹಾಲ್‌ನ ಇನ್ವರ್ಟರ್ ಲೈನು ದೀಪಕ್ಕೂ ಮೈಕ್ ಸೆಟ್ಟಿಗೂ ಮಾತ್ರ ಇದ್ದದ್ದು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು, ಇಂಟರ್‌ಫೇಸ್ ಸತ್ತಿತು. ತಾಳಮದ್ದಳೆ ನಿಲ್ಲಲಿಲ್ಲ, ನಿಲ್ಲಿಸಿ ಅನ್ನುವುದೂ ಸರಿಯಲ್ಲ. ಹುಡುಗರು ವೈರು ಎಳೆದು ಇನ್ವರ್ಟರ್ ಲೈನಿಗೆ ಸಿಕ್ಕಿಸುವಷ್ಟರಲ್ಲಿ ನಾಲ್ಕು ನಿಮಿಷದ ಅರ್ಥ ಕೈ ಬಿಟ್ಟಿತ್ತು.

ಸಾಫ್ಟ್‌ವೇರಿನ ಮೊದಲ ಒಳ್ಳೆಯ ಗುಣ ಇಲ್ಲಿ ಗೊತ್ತಾಯಿತು. ದನಿ ಬಂದ ಹಾಗೇ ಡಿಸ್ಕಿಗೆ ಬರೆಯುತ್ತಾ ಹೋಗುವುದರಿಂದ, ಕರೆಂಟು ಹೋದ ಕ್ಷಣದವರೆಗಿನ ಆರೂ ಫೈಲು ಭದ್ರವಾಗಿದ್ದವು. ಕೊರತೆಯೂ ಅಲ್ಲೇ ಇತ್ತು. ಇಂಟರ್‌ಫೇಸ್ ವಾಪಸ್ ಬಂದರೂ ರೆಕಾರ್ಡಿಂಗ್ ತಾನಾಗಿ ಮುಂದುವರಿಯುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು, ಮತ್ತೆ ಸಾಧನ ಆರಿಸಿ, ಮತ್ತೆ ಒತ್ತಬೇಕು. ಲ್ಯಾಪ್‌ಟಾಪ್ ಬಿಟ್ಟು ಊಟಕ್ಕೆ ಹೋಗುವ ಕೆಲಸ ಅಲ್ಲ ಇದು.

ನಾಲ್ಕು ನಿಮಿಷ ತುಂಬಿದ್ದು

ಸ್ಟ್ಯಾಂಡ್ ಮೇಲಿನ ಸಣ್ಣ ರೆಕಾರ್ಡರ್‌ನಲ್ಲಿ ಮೂರು ಗಂಟೆಯೂ ಅಖಂಡವಾಗಿ ಇತ್ತು. ಹಾಗಾದರೆ ಕತ್ತರಿಸಿ ಅಂಟಿಸಿದರೆ ಮುಗೀತಲ್ವಾ? ಇಲ್ಲ. ಎರಡು ಯಂತ್ರಗಳ ಒಳಗಿನ ಗಡಿಯಾರ ಒಂದೇ ಅಲ್ಲ. ಹರಳಿನ ಗಡಿಯಾರದಲ್ಲಿ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಗಂಟೆಗೆ 180 ಮಿಲಿಸೆಕೆಂಡ್ ಆಯಿತು. ನಮ್ಮಲ್ಲಿ ಕೊನೆಯ ಮಂಗಳದ ಹೊತ್ತಿಗೆ ಸುಮಾರು ಅರ್ಧ ಸೆಕೆಂಡ್ ಹಿಂದೆಮುಂದೆ ಆಗಿತ್ತು. ಒಟ್ಟಿಗೆ ನುಡಿಸಿದರೆ ಚಂಡೆ ಎರಡೆರಡು ಸಲ ಕೇಳುತ್ತದೆ.

ಸರಿ ಮಾಡುವ ದಾರಿ ಹೀಗೆ. ಶುರುವಿನಲ್ಲಿ ಚಂಡೆಯ ಒಂದು ಒಂಟಿ ಪೆಟ್ಟು ಹುಡುಕಿ ಎರಡನ್ನೂ ಕೂಡಿಸಬೇಕು. ಕರೆಂಟು ಹೋಗುವ ಸ್ವಲ್ಪ ಮೊದಲು ಇನ್ನೊಂದು ಪೆಟ್ಟು ಹುಡುಕಿ, ಅಲ್ಲಿಯೂ ಕೂಡುವ ಹಾಗೆ ಸಣ್ಣ ರೆಕಾರ್ಡರ್‌ನ ವೇಗ ಬದಲಿಸಬೇಕು. ಕರೆಂಟು ಬಂದ ಮೇಲಿನ ಭಾಗವನ್ನು ಮತ್ತೊಂದು ಪೆಟ್ಟಿಗೆ ಕೂಡಿಸಬೇಕು. ವೇಗ ಬದಲಿಸುವಾಗ ಶ್ರುತಿ ಕಾಪಾಡುವ ಆಯ್ಕೆ ಬೇಡ ಅಂತ ತೆಗೆದೆ. ಇದು ತಿರುಗುಮುರುಗು ಅನ್ನಿಸಬಹುದು. ಆದರೆ ಇಷ್ಟು ಸಣ್ಣ ಬದಲಾವಣೆಯಲ್ಲಿ ಶ್ರುತಿ ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕಿರುವ ದೂರದ ಸಾವಿರದ ಒಂದು ಪಾಲಿನಷ್ಟೂ ಸರಿಯುವುದಿಲ್ಲ, ಯಾವ ಕಿವಿಗೂ ತಿಳಿಯುವುದಿಲ್ಲ. ಶ್ರುತಿ ಕಾಪಾಡುವ ಲೆಕ್ಕಾಚಾರ ಓಡಿಸಿದರೆ ಚಂಡೆಯ ಪೆಟ್ಟಿನ ಮೊನೆ ಕಲಸಿಹೋಗುತ್ತದೆ. ಹೀಗೆ ಮಾಡಿದ ಮೇಲೆ ಮೂರೂ ಗಂಟೆ ಒಂದಕ್ಕೊಂದು ಹಾಸಿಟ್ಟ ಹಾಗೆ ಕೂತವು. ಈ ಕೆಲಸಕ್ಕೆ ಟೇಪಿನ ಕಾಲದಲ್ಲಿ ಎಷ್ಟು ಒದ್ದಾಡಬೇಕಿತ್ತು ಅಂತ ನೆನೆದರೆ ಸಾಫ್ಟ್‌ವೇರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ದೂರದ ಮೈಕಿನ ದನಿ ಆ ನಾಲ್ಕು ನಿಮಿಷ ಮಾತ್ರ ಬಂದರೆ ಕೇಳುವವರು ಬೆಚ್ಚುತ್ತಾರೆ. ಅದಕ್ಕೆ ಮೂರು ಗಂಟೆಯೂ ಆ ಟ್ರ್ಯಾಕನ್ನು ಸಣ್ಣಗೆ ಕೆಳಗೆ ಹರಿಸಿಬಿಟ್ಟೆ. ಕರೆಂಟು ಹೋದಲ್ಲಿ ಮೆಲ್ಲಗೆ ಏರಿಸಿ, ಬಂದ ಮೇಲೆ ಮೆಲ್ಲಗೆ ಇಳಿಸಿದೆ.

ಮಳೆ, ಗುಂಯ್ ಸದ್ದು, ಮತ್ತು ಶಕಾರ

ಇನ್ವರ್ಟರಿಗೆ ಹೋದ ಮೇಲಿನ ಭಾಗದಲ್ಲಿ ಒಂದು ಗುಂಯ್ ಸದ್ದು ಸೇರಿಕೊಂಡಿತ್ತು. ನಮ್ಮ ಕರೆಂಟು 50 ಹರ್ಟ್ಸ್‌ನದ್ದು. 50, 150, 250 ಹೀಗೆ ಗುರುತಿಸಿ ಆ ಜಾಗಗಳಲ್ಲಿ ಮಾತ್ರ ಸೂಜಿಯಷ್ಟು ಸಣ್ಣ ಫಿಲ್ಟರ್ ಇಟ್ಟೆ. ಹೋಯಿತು. ಬದಲಾಗದೆ ಒಂದೇ ಸಮ ಇರುವ ಸದ್ದನ್ನು ತೆಗೆಯುವುದರಲ್ಲಿ ಈ ಸಾಫ್ಟ್‌ವೇರ್‌ಗಳು ನಿಜಕ್ಕೂ ಗಟ್ಟಿ.

ತಗಡಿನ ಮೇಲಿನ ಮಳೆ ಬೇರೆ ಮಾತು. ಅದು ಎಲ್ಲಾ ಕಂಪನಾಂಕದಲ್ಲೂ ಹರಡಿಕೊಂಡಿರುತ್ತದೆ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಗದ್ದಲ ಇಳಿಸುವ ಸಾಧನ ಮೊದಲು ಬರೀ ಮಳೆ ಇರುವ ಒಂದು ತುಂಡಿನಿಂದ ನಮೂನೆ ಕಲಿಯುತ್ತದೆ, ಆಮೇಲೆ ಅದನ್ನು ಇಡೀ ದನಿಯಿಂದ ಕಳೆಯುತ್ತದೆ. ಜಾಸ್ತಿ ಕಳೆದು ನೋಡಿದೆ. ಮೊದಲ ಸಲ ಕೇಳಿದಾಗ ಅದ್ಭುತ. ಮಳೆ ಮಾಯ! ಎರಡನೇ ಸಲ ಮಾತಿನ ಕಡೆ ಗಮನ ಇಟ್ಟೆ. ಹಿರಿಯರು 'ಸಂಶಯ' ಅಂದ ಕಡೆ ಸ ಯಾವುದು, ಶ ಯಾವುದು ತಿಳಿಯಲಿಲ್ಲ. ಎರಡೂ ಒಂದೇ ಥರ ಉಸಿರಾಗಿ ಉಳಿದಿದ್ದವು. ಮಾತಿನ ಬಾಲದಲ್ಲಿ ನೀರೊಳಗಿಂದ ಬಂದ ಹಾಗೆ ಗುಳುಗುಳು. ಸ, ಶ, ಷಗಳ ಸತ್ವ ಇರುವುದೇ ಮೇಲಿನ ಕಂಪನಾಂಕಗಳಲ್ಲಿ, ಮಳೆಯೂ ಅಲ್ಲೇ ಕೂತಿದೆ. ಸಾಫ್ಟ್‌ವೇರಿಗೆ ಎರಡೂ ಒಂದೇ. ತಾಳಮದ್ದಳೆಯ ಮಾತಿನಲ್ಲಿ ಸಂಸ್ಕೃತ ಶಬ್ದ ಎಷ್ಟು ಬರುತ್ತದೆ ಗೊತ್ತಲ್ವಾ. ಅಲ್ಲಿ ಶಕಾರ ಹೋದರೆ ಅರ್ಥವೇ ಹೋದ ಹಾಗೆ. 6 ಡೆಸಿಬಲ್ ದಾಟದ ಹಾಗೆ ಇಳಿಸಿ ನಿಲ್ಲಿಸಿದೆ. ಮಳೆ ಇರಲಿ. ಮಲೆನಾಡಿನ ಆಷಾಢದಲ್ಲಿ ನಡೆದದ್ದು ಅಂತ ಕೇಳುವವರಿಗೂ ತಿಳಿಯಲಿ.

ನಿಜವಾಗಿ ಮಾತು ತಿಳಿಯಾದದ್ದು ಕತ್ತರಿಯಿಂದ. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಹಿನ್ನೆಲೆ ಗದ್ದಲ 3 ಡೆಸಿಬಲ್ ಏರುತ್ತದೆ. ಅರ್ಥಧಾರಿಗಳ ಮೂರು ಮೈಕಿನಲ್ಲಿ ಮಾತಾಡುವವರದ್ದು ಒಂದನ್ನೇ ಇಟ್ಟರೆ ಹತ್ತಿರ ಹತ್ತಿರ 5 ಡೆಸಿಬಲ್ ಲಾಭ, ಒಂದು ಅಕ್ಷರವೂ ಕೆಡದೆ. ಇದನ್ನು ತಾನಾಗಿ ಮಾಡುವ ಗೇಟ್ ಅನ್ನುವ ಸಾಧನ ಇದೆ. ಇಲ್ಲಿ ಅದು ನಡೆಯಲಿಲ್ಲ. ಚಂಡೆ ಬಿದ್ದರೆ ಸಾಕು, ಸುಮ್ನೆ ಇದ್ದ ಮೈಕೂ ಬಾಯಿ ತೆರೆಯುತ್ತಿತ್ತು. ಹಾಗಾಗಿ ಕೈಯಲ್ಲೇ, ಮಾತಿನಿಂದ ಮಾತಿಗೆ, ತುಂಡು ಮಾಡಿ ಮುಚ್ಚುತ್ತಾ ಹೋದೆವು. ಹೆಚ್ಚು ಹೊತ್ತು ಹಿಡಿದದ್ದು ಇದೇ ಕೆಲಸ. ತೆರೆದು ಮುಚ್ಚುವಾಗ ಮಳೆ ಏರಿಳಿಯುತ್ತದೆ ಅನ್ನುವ ಭಯ ಇತ್ತು. ಕೆಳಗೆ ಹರಿಯುತ್ತಿದ್ದ ಆ ದೂರದ ಟ್ರ್ಯಾಕ್ ಮಳೆಯನ್ನು ಒಂದೇ ಸಮ ಇಟ್ಟು ಅದನ್ನೂ ಮುಚ್ಚಿಹಾಕಿತು.

ಇನ್ನೊಂದು ಲಾಭವೂ ಆಯಿತು. ಚಂಡೆಯಿಂದ ಅರ್ಥಧಾರಿಯ ಮೈಕಿಗೆ ಮೂರು ಮೀಟರ್ ಇದ್ದರೆ ಅದರ ಸದ್ದು ಅಲ್ಲಿಗೆ ಸುಮಾರು 9 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಹತ್ತಿರದ್ದೂ ದೂರದ್ದೂ ಕೂಡಿದಾಗ ಚಂಡೆ ಟೊಳ್ಳಾಗಿ ಕೇಳುತ್ತಿತ್ತು. ಬೇಡದ ಮೈಕ್ ಮುಚ್ಚಿದ ಮೇಲೆ ಪೆಟ್ಟಿಗೆ ಮೈ ಬಂತು.

ಬೇಡ ಅಂದದ್ದು

ಭಾಗವತರ ದನಿಗೆ ಶ್ರುತಿ ತಿದ್ದುವ ಸಾಧನ ಹಾಕಿ ನೋಡೋಣ ಅಂತ ಹುಡುಗರಿಗೆ ಆಸೆ ಇತ್ತು. ಆಟೋಟ್ಯೂನ್ 1997ರಲ್ಲಿ ಬಂದಾಗಿನಿಂದ ಈ ಆಸೆ ಎಲ್ಲಾ ಕಡೆ ಇದೆ. ಅವು ದನಿಯನ್ನು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ಕೂರಿಸುತ್ತವೆ. ಭಾಗವತಿಕೆಯ ಚೆಲುವು ಇರುವುದು ಸ್ವರದಿಂದ ಸ್ವರಕ್ಕೆ ಜಾರುವ ದಾರಿಯಲ್ಲಿ. ಆ ದಾರಿಯನ್ನೇ ಸಾಧನ ತಪ್ಪು ಅಂತ ಲೆಕ್ಕ ಹಾಕುತ್ತದೆ. ಜೊತೆಗೆ ಅವರ ಮೈಕಿಗೆ ಪಕ್ಕದ ಮದ್ದಳೆಯ ಸದ್ದೂ ಬಿದ್ದಿದೆ, ಮದ್ದಳೆಗೂ ಶ್ರುತಿ ಇದೆ. ಯಾರ ದನಿ ತಿದ್ದಬೇಕು ಅಂತ ಅದಕ್ಕೇ ಗೊತ್ತಾಗುವುದಿಲ್ಲ. ಭಾಗವತರಿಗೆ ತಿದ್ದುಪಡಿ ಬೇಕಾಗಿಯೂ ಇರಲಿಲ್ಲ.

ದನಿಗಳನ್ನು ಬೇರ್ಪಡಿಸುವ ಎಐ ಸಾಧನವನ್ನೂ ನೋಡಿದೆವು. 2019ರಲ್ಲಿ ಡೀಜರ್ ಕಂಪನಿ ಸ್ಪ್ಲೀಟರ್ ಬಿಡುಗಡೆ ಮಾಡಿದ ಮೇಲೆ ಇಂಥವು ತುಂಬಾ ಬಂದಿವೆ. ಹಾಡು, ಡ್ರಮ್ಸ್, ಬೇಸ್, ಉಳಿದದ್ದು ಅಂತ ಭಾಗ ಮಾಡುತ್ತವೆ. ಸಿನಿಮಾ ಹಾಡಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ನಾವು ಬಳಸಿದ ಸಾಧನದಲ್ಲಿ ಚಂಡೆ ಡ್ರಮ್ಸ್‌ಗೆ ಹೋಯಿತು. ಮದ್ದಳೆ ಮಾತ್ರ ಒಂದು ಪೆಟ್ಟು ಬೇಸ್‌ಗೆ, ಒಂದು ಪೆಟ್ಟು ಉಳಿದದ್ದಕ್ಕೆ, ಒಂದೊಂದು ಭಾಗವತರ ದನಿಯ ಜೊತೆಗೇ ಹೋಯಿತು. ಮದ್ದಳೆಯನ್ನು ಕೇಳಿಯೇ ಬೆಳೆಯದ ಸಾಧನಕ್ಕೆ ಅದನ್ನು ಎಲ್ಲಿ ಇಡಬೇಕು ಅಂತ ಹೇಗೆ ಗೊತ್ತಾಗಬೇಕು?

ಚಂಡೆ ಎಷ್ಟಿರಬೇಕು ಅನ್ನುವುದರ ಬಗ್ಗೆ ಮಾತ್ರ ದೊಡ್ಡ ಚರ್ಚೆಯಾಯಿತು. ಎಲ್ಲಾ ಮೈಕಿನ ದನಿ ಬೆರೆಸಿದ ಮೊದಲ ಮಿಕ್ಸ್‌ನಲ್ಲಿ, ಮಾತು ಮುಂದೆ ಬರಲಿ ಅಂತ, ಜೋರು ದನಿಯನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಹಾಕಿ ಚಂಡೆಯನ್ನು ಅದುಮಿದ್ದೆ. ಭಾಗವತರು ಫೋನ್ ಮಾಡಿದರು. 'ಚಂಡೆ ಅಷ್ಟು ಕಮ್ಮಿ ಮಾಡ್ಬೇಡಿ ಮಾರಾಯ್ರೆ. ಏರುಪದ್ಯಕ್ಕೆ ಚಂಡೆ ಬೀಳದಿದ್ರೆ ಅರ್ಥಧಾರಿಗೆ ಕಾವು ಎಲ್ಲಿಂದ ಬರ್ಬೇಕು?' ಮಾತು ಸರಿ ಅನ್ನಿಸಿತು. ಕಂಪ್ರೆಸರ್ ತೆಗೆದು, ಪದ್ಯದಲ್ಲಿ ಚಂಡೆ ಪೂರ್ತಿ, ಮಾತು ಶುರುವಾಗುವಾಗ ಇಳಿಕೆ ಅಂತ ವಾಲ್ಯೂಮ್ ಗೆರೆಯನ್ನು ಕೈಯಲ್ಲೇ ಎಳೆದೆ. ರಾತ್ರಿ ಸಭೆಯಲ್ಲಿ ಕೂತವರು ಕೇಳಿದ ಏರಿಳಿತಕ್ಕೆ ಇದು ಹತ್ತಿರ.

ಕೊಟ್ಟದ್ದು, ಉಳಿದದ್ದು

ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ ಅದು) ಜೋರಾಗಿರುವುದನ್ನು ತಾನೇ ಇಳಿಸುತ್ತದೆ. ಹಾಗಾಗಿ ಎಲ್ಲವನ್ನೂ ಅದುಮಿ ಜೋರು ಮಾಡುವುದರಲ್ಲಿ ಲಾಭ ಇಲ್ಲ. ಕೇಳುವವರು ಹೆಚ್ಚಿನವರು ಫೋನಿನಲ್ಲೇ ಕೇಳುತ್ತಾರೆ. ಫೋನಿನ ಸ್ಪೀಕರಿನಲ್ಲಿ ಮದ್ದಳೆಯ ಮಂದ್ರ ಬರುವುದೇ ಇಲ್ಲ, ಹಾಗಾಗಿ ಅದರ ಮೇಲಿನ ಛಾಪಿನ ದನಿಯನ್ನು ಸ್ವಲ್ಪ ಎತ್ತಿದೆ. ಕೊನೆಯ ಮಿಕ್ಸನ್ನು ಫೋನು, ಕಾರು, ಹೆಡ್‌ಫೋನ್ ಮೂರರಲ್ಲೂ ಕೇಳಿ ಒಪ್ಪಿಸಿದೆವು.

ಸಂಘಕ್ಕೆ ಪ್ರಾಜೆಕ್ಟ್ ಫೈಲ್ (ಸಾಫ್ಟ್‌ವೇರ್ ತನ್ನ ಕತ್ತರಿ-ಜೋಡಣೆಯ ಲೆಕ್ಕ ಇಡುವ ಫೈಲ್) ಮಾತ್ರ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಒಂದು ಸಾಫ್ಟ್‌ವೇರಿನ ಪ್ರಾಜೆಕ್ಟ್ ಇನ್ನೊಂದರಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಈ ಇಡೀ ಕ್ಷೇತ್ರದ ದೊಡ್ಡ ಕೊರತೆ ಅಂದರೆ ನನ್ನ ಮಟ್ಟಿಗೆ ಇದೇ. 2017ರಲ್ಲಿ ಗಿಬ್ಸನ್ ಕಂಪನಿ ಕೇಕ್‌ವಾಕ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನ ಅಭಿವೃದ್ಧಿ ನಿಲ್ಲಿಸಿದಾಗ ಎಷ್ಟೋ ಜನರ ವರ್ಷಗಳ ಕೆಲಸ ತೂಗುಯ್ಯಾಲೆಯಲ್ಲಿ ಇತ್ತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಕಂಪನಿ ಅದನ್ನು ಕೊಂಡುಕೊಂಡು ಮತ್ತೆ ಬಿಡುಗಡೆ ಮಾಡಿತು, ಸರಿ. ಎಲ್ಲದಕ್ಕೂ ಹಾಗಾಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಪ್ರತಿ ಮೈಕನ್ನೂ ಸೊನ್ನೆಯಿಂದ ಶುರುವಾಗುವ, ಒಂದೇ ಉದ್ದದ ವೇವ್ ಫೈಲ್ ಮಾಡಿ ಎರಡು ಹಾರ್ಡ್ ಡಿಸ್ಕಿಗೆ ಹಾಕಿಕೊಟ್ಟೆವು. ಇಪ್ಪತ್ತು ವರ್ಷ ಬಿಟ್ಟು ಯಾವ ಸಾಫ್ಟ್‌ವೇರಿನಲ್ಲಿ ಎಳೆದು ಹಾಕಿದರೂ ಅವು ಸಾಲಾಗಿ ಕೂರುತ್ತವೆ.

ಸರಿಯಾಗದೆ ಉಳಿದದ್ದು ಎರಡು ಜಾಗ. ಚಂಡೆಯ ಕೊನೆಯ ಉರುಳಿಕೆ ಮುಗಿಯುವ ಮೊದಲೇ ಹಿರಿಯರು ಮಾತು ಎತ್ತಿಕೊಂಡಿದ್ದಾರೆ. ಅಲ್ಲಿ ಅವರ ಮೈಕಿನಲ್ಲೇ ಮಾತಿಗಿಂತ ಚಂಡೆ ಜೋರು. ಆ ಎರಡು ವಾಕ್ಯ ನನ್ನ ಕೋಣೆಯಲ್ಲಿ ಮತ್ತೆ ಹೇಳಿಸಿ ಕೂರಿಸಬಹುದಲ್ಲ ಅಂತ ಸಂಘದ ಕಾರ್ಯದರ್ಶಿಗಳು ಕೇಳಿದರು. ತಾಂತ್ರಿಕವಾಗಿ ಸುಲಭದ ಕೆಲಸ. ಹಿರಿಯರು ಒಪ್ಪಲಿಲ್ಲ. ಎದುರಿಗೆ ಕೌರವ ಕೂತು ಕೆಣಕದೆ ಆ ಮಾತು ತಮಗೆ ಬರುವುದಿಲ್ಲ ಅಂದರು. ಕೌರವನ ಅರ್ಥ ಹೇಳಿದವರಿಗೆ ಆ ವಾಕ್ಯಗಳು ನೆನಪಿದ್ದವು. ಅವರಿಂದ ಬರೆಸಿಕೊಂಡು ವಿಡಿಯೋದಲ್ಲಿ ಆ ಜಾಗದಲ್ಲಿ ಅಕ್ಷರವಾಗಿ ಹಾಕಿದ್ದೇವೆ. ಮುಂದಿನ ಆಷಾಢಕ್ಕೆ ಚಂಡೆ ಇನ್ನೆರಡು ಮೀಟರ್ ಹಿಂದೆ ಕೂರುತ್ತದೆ, ಅರ್ಥಧಾರಿಗಳ ಮೈಕುಗಳ ಬೆನ್ನು ಅದರ ಕಡೆ ತಿರುಗಿರುತ್ತದೆ, ಇಂಟರ್‌ಫೇಸಿಗೆ ಒಂದು ಸಣ್ಣ ಯುಪಿಎಸ್ ಸಂಘದವರೇ ತರುತ್ತಾರೆ.